ವರ್ಷ ಎಣಿಸಬೇಡಿ, ತಿಂಗಳು ಎಣಿಸಿ

(ದುಬೈಯಲ್ಲಿ ನಡೆದ ಅನಿವಾಸಿ ಕನ್ನಡಿಗರ ಮಹಿಳಾ ಸಮಾವೇಶದಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ಮಾಡಿದ ದಿಕ್ಸೂಚಿ ಭಾಷಣದ ಬರಹರೂಪ)



ಪಿಸಿಒಎಸ್ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದರು. ಆಮೇಲೆ ಒಬ್ಬರು ಮೆಲ್ಲಗೆ, "ಡಾಕ್ಟ್ರೇ, ಕುಟುಂಬ ಸಮೇತ ಬಂದಿರ್ತಾರೆ, ಮುಟ್ಟು ಅನ್ನೋ ಪದ ಸ್ವಲ್ಪ ಕಡಿಮೆ ಬಳಸಿದರೆ ಒಳ್ಳೆಯದು" ಅಂದರು. ಆ ಪದ ಬಿಟ್ಟರೆ ಈ ಭಾಷಣದಲ್ಲಿ ಉಳಿಯುವುದು ಸ್ವಾಗತ ಮತ್ತು ವಂದನಾರ್ಪಣೆ ಮಾತ್ರ. ಹಾಗಾಗಿ ಧಾರಾಳವಾಗಿ ಬಳಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಈ ಹೆಸರಿನ ಗೊಂದಲ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ಬಗ್ಗೆ ಬರೆದರು. ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ, ಅಂಡಾಶಯ ದಪ್ಪಗಾಗಿ ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತಿದ್ದವು. ಆ ಗುಳ್ಳೆಗಳ ಹೆಸರೇ ಕಾಯಿಲೆಗೂ ಅಂಟಿಕೊಂಡಿತು. ನಮ್ಮವರು ಅದನ್ನು "ಓವರಿಯಲ್ಲಿ ನೀರುಗುಳ್ಳೆ" ಅನ್ನುತ್ತಾರೆ, ಊರಿಗೆ ಫೋನ್ ಹೋಗುವಷ್ಟರಲ್ಲಿ ಅದು "ಗಡ್ಡೆ" ಆಗಿರುತ್ತದೆ. ಅದು ಗಡ್ಡೆಯಲ್ಲ. ಆಪರೇಷನ್ ಮಾಡಿ ತೆಗೆಯುವಂಥದ್ದೂ ಅಲ್ಲ. ಪ್ರತಿ ತಿಂಗಳು ಒಂದು ಅಂಡ ಬೆಳೆದು ಹೊರಬರಬೇಕು. ಇಲ್ಲಿ ಹಲವು ಅಂಡಗಳು ಅರ್ಧಕ್ಕೆ ಬೆಳೆದು ನಿಂತಿರುತ್ತವೆ, ಸ್ಕ್ಯಾನಿನಲ್ಲಿ ಸಾಲಾಗಿ ಕಾಣುವುದು ಅವೇ. ಅಂಡ ಖಾಲಿಯಾಗಿಲ್ಲ, ಸರದಿ ಮುಂದೆ ಸಾಗುತ್ತಿಲ್ಲ, ಅಷ್ಟೆ.

ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇರುತ್ತದೆ. ಈ ಸಭಾಂಗಣದಲ್ಲೇ ಲೆಕ್ಕ ಹಾಕಿ.

ಗುರುತಿಸುವುದು ಹೇಗೆ? ಮೂರು ಲಕ್ಷಣಗಳಲ್ಲಿ ಎರಡು ಇರಬೇಕು. ಮುಟ್ಟು ದೂರ ದೂರ ಹೋಗುವುದು ಒಂದು. ಗಂಡು ಹಾರ್ಮೋನಿನ ಅಂಶ ಹೆಚ್ಚಾಗಿ ಗಲ್ಲ, ಮೇಲ್ದುಟಿಯ ಮೇಲೆ ಕೂದಲು ಬರುವುದು, ಮೊಡವೆ ಹೋಗದೇ ಇರುವುದು ಅಥವಾ ರಕ್ತಪರೀಕ್ಷೆಯಲ್ಲಿ ಅದು ಕಾಣುವುದು ಇನ್ನೊಂದು. ಸ್ಕ್ಯಾನಿನಲ್ಲಿ ಆ ಚಿತ್ರ ಮೂರನೆಯದು. 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಯಸ್ಕರಲ್ಲಿ ಸ್ಕ್ಯಾನಿನ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ ನೋಡಬಹುದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಯಾಕೆಂದರೆ ಅವೂ ಮುಟ್ಟನ್ನು ನಿಲ್ಲಿಸುತ್ತವೆ. ಮದುವೆಯಾದವರಾದರೆ ಎಲ್ಲಕ್ಕಿಂತ ಮೊದಲು ಗರ್ಭ ಪರೀಕ್ಷೆ. ನಗಬೇಡಿ. "ನಂಗೆ ಪಿಸಿಒಎಸ್, ನಾಲ್ಕು ತಿಂಗಳಿಂದ ಆಗಿಲ್ಲ" ಎಂದು ಬಂದವರಿಗೆ ಸ್ಕ್ಯಾನಿನಲ್ಲಿ ಮಗುವಿನ ಕೈಕಾಲು ತೋರಿಸಿದ್ದೇವೆ.

ಬರೀ ಸ್ಕ್ಯಾನ್ ವರದಿ ಹಿಡಿದು ಹೆದರುವ ತಾಯಂದಿರಿಗೆ ಒಂದು ಮಾತು. ಬೇಸಿಗೆ ರಜೆಗೆ ಊರಿಗೆ ಹೋದಾಗ ಹದಿನಾಲ್ಕು ವರ್ಷದ ಮಗಳನ್ನು ಮಂಗಳೂರಿಗೋ ಉಡುಪಿಗೋ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸುತ್ತೀರಿ, ವರದಿಯಲ್ಲಿ ಪಿಸಿಒಡಿ ಅಂತ ಬಂದಿರುತ್ತದೆ. ಮೊದಲ ಮುಟ್ಟಾಗಿ ಎಂಟು ವರ್ಷ ತುಂಬುವವರೆಗೆ ಸ್ಕ್ಯಾನ್ ನೋಡಿ ಈ ಕಾಯಿಲೆ ಎನ್ನುವಂತಿಲ್ಲ. ಆ ವಯಸ್ಸಿನಲ್ಲಿ ಆರೋಗ್ಯವಂತ ಹುಡುಗಿಯರ ಅಂಡಾಶಯವೂ ಹಾಗೇ ಕಾಣುತ್ತದೆ. ಮೊದಲ ವರ್ಷ ಮುಟ್ಟು ಹೇಗೆ ಬಂದರೂ ಸಹಜ. ಒಂದರಿಂದ ಮೂರು ವರ್ಷದೊಳಗೆ 45 ದಿನಕ್ಕೊಮ್ಮೆ ಬಂದರೂ ಚಿಂತೆಯಿಲ್ಲ. ಮೂರು ವರ್ಷದ ನಂತರವೂ 35 ದಿನ ದಾಟುತ್ತಲೇ ಇದ್ದರೆ, ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಆದರೆ, ಆಗ ಬನ್ನಿ. ಇನ್ನೊಂದು, ಮಗಳ ಕತ್ತಿನ ಹಿಂದೆ ಕಪ್ಪಾಗಿದೆ ಎಂದು ಸ್ನಾನದ ನಾರಿನಲ್ಲಿ ಉಜ್ಜಬೇಡಿ ಮಾರಾಯ್ರೇ. ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ದೇಹ ಅದನ್ನು ಹೆಚ್ಚೆಚ್ಚು ತಯಾರಿಸುತ್ತಿದೆ ಎನ್ನುವ ಸೂಚನೆ. ಆ ಹೆಚ್ಚಾದ ಇನ್ಸುಲಿನ್ನೇ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ, ಸರದಿ ನಿಲ್ಲುವುದು ಅಲ್ಲಿಂದ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ಅದು ಲೆಕ್ಕದ ವಿಷಯ.

ನಮ್ಮಲ್ಲಿ ಮದುವೆಯಾದ ಹುಡುಗಿಗೆ ಫೋನಿನಲ್ಲಿ ಕೇಳುವ ಪ್ರಶ್ನೆ ನಿಮಗೆಲ್ಲ ಗೊತ್ತು. "ಮತ್ತೆ? ವಿಶೇಷ ಉಂಟಾ?" ಘಟ್ಟದ ಮೇಲಿನವರಾದರೆ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಕೇಳುವವರಿಗೆ ಅದು ಪ್ರೀತಿಯೇ. ಆದರೆ ಆ ಪ್ರಶ್ನೆಯ ಹಿಂದೆ ಒಂದು ಲೆಕ್ಕ ಇದೆ, ಮದುವೆಯಾಗಿ ಎಷ್ಟು ವರ್ಷವಾಯಿತು ಅನ್ನುವ ಲೆಕ್ಕ. ಗಲ್ಫಿನ ಸಂಸಾರದಲ್ಲಿ ಆ ಲೆಕ್ಕ ತಪ್ಪು.

ನಾನು ಹೇಳುವುದು ಒಬ್ಬರ ಕಥೆಯಲ್ಲ, ಎಷ್ಟೋ ಜನರದು ಸೇರಿಸಿ ಹೇಳುತ್ತಿದ್ದೇನೆ. ಹುಡುಗನಿಗೆ ಮುಸಫ್ಫಾದಲ್ಲೋ ಜೆಬೆಲ್ ಅಲಿಯಲ್ಲೋ ಕೆಲಸ. ಕುಟುಂಬದ ವೀಸಾಕ್ಕೆ 4,000 ದಿರ್ಹಮ್ ಸಂಬಳ ಬೇಕು, ಅಥವಾ 3,000 ಮತ್ತು ಕಂಪನಿಯ ಮನೆ. ಅಷ್ಟಿದ್ದರೂ ಬಾಡಿಗೆ ಕಟ್ಟಿ ಸಂಸಾರ ನಡೆಸುವಷ್ಟು ಉಳಿಯುವುದಿಲ್ಲ. ಹೆಂಡತಿ ಊರಿನಲ್ಲಿ ಅತ್ತೆಯ ಜೊತೆ. ಕಾನೂನಿನ ಪ್ರಕಾರ ವರ್ಷಕ್ಕೆ 30 ದಿನ ರಜೆ. ನಾಲ್ಕು ವರ್ಷವಾಯಿತು, ಮಗುವಿಲ್ಲ. ಹುಡುಗಿಗೆ ಪಿಸಿಒಎಸ್ ಇದೆ, ಎರಡು ತಿಂಗಳಿಗೊಮ್ಮೆ ಮುಟ್ಟು. ಊರಿನಲ್ಲಿ ಎಲ್ಲರ ಬಾಯಲ್ಲಿ, ಕೆಲವೊಮ್ಮೆ ಅವಳ ಬಾಯಲ್ಲೂ ಒಂದೇ ಪದ: ಬಂಜೆ.

ಕಾಗದ ಪೆನ್ನು ತೆಗೆದುಕೊಳ್ಳೋಣ. ನಾಲ್ಕು ವರ್ಷ, ನಾಲ್ಕು ರಜೆ. ಒಟ್ಟಿಗಿದ್ದದ್ದು ನಾಲ್ಕು ತಿಂಗಳು. 60 ದಿನಕ್ಕೊಂದು ಅಂಡ ಬಿಡುಗಡೆಯಾಗುತ್ತದೆ ಎಂದು ಇಟ್ಟುಕೊಂಡರೂ, 30 ದಿನದ ಒಂದು ರಜೆಯೊಳಗೆ ಅದು ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ನಾಲ್ಕು ವರ್ಷದಲ್ಲಿ ಸರಾಸರಿ ಎರಡು ಅವಕಾಶ. ಗರ್ಭ ನಿಲ್ಲುವುದು ಅಂಡ ಬಿಡುಗಡೆಯಾದ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಕೂಡಿದರೆ ಮಾತ್ರ. ಹೊರಬಂದ ಅಂಡ ಒಂದು ದಿನವೂ ಪೂರ್ತಿ ಬಾಳುವುದಿಲ್ಲ. ಮುಟ್ಟು ಸರಿಯಾಗಿ ಬರುವ, ಒಂದೇ ಮನೆಯಲ್ಲಿರುವ ಜೋಡಿಗೂ ನಾವು ಒಂದು ವರ್ಷ ಕಾದು ನೋಡಿ ಎನ್ನುತ್ತೇವೆ, ಅಂದರೆ ಹನ್ನೆರಡು ಹದಿಮೂರು ಅವಕಾಶ. ಈ ಹುಡುಗಿಗೆ ಸಿಕ್ಕಿದ್ದು ಎರಡು. ಎರಡು ಬಾಲ್ ಆಡಿದವಳನ್ನು ಔಟ್ ಎಂದು ಕಳಿಸುತ್ತಿದ್ದೇವೆ.

ಇನ್ನು ಆ 30 ದಿನದಲ್ಲಿ ಏನಾಗುತ್ತದೆ ನೋಡಿ. ಮೊದಲ ವಾರ ನೆಂಟರ ಮನೆ. ಆಮೇಲೆ ಕುಕ್ಕೆಯಲ್ಲಿ ಆಶ್ಲೇಷಾ ಬಲಿಯೋ ಸರ್ಪಸಂಸ್ಕಾರವೋ, ಅದರ ಹಿಂದೆ ಮುಂದೆ ವ್ರತ. ಮಗುವಿಗಾಗಿಯೇ ಹೇಳಿಕೊಂಡ ಹರಕೆ ಅದು, ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ನನ್ನ ಮನೆಯವರೂ ಮಾಡುತ್ತಾರೆ. ಆದರೆ ಪೂಜೆಯ ದಿನ ಹೊರಗಾಗಬಾರದು ಎಂದು ಹುಡುಗಿಗೆ ಮುಟ್ಟು ಮುಂದೂಡುವ ಮಾತ್ರೆ ಕೊಡಿಸುತ್ತಾರೆ, ನೊರೆಥಿಸ್ಟೆರಾನ್. ಪ್ರಿಮೊಲುಟ್-ಎನ್ ಅಂದರೆ ಬಹಳ ಜನರಿಗೆ ಗೊತ್ತಾಗುತ್ತದೆ. ಅವಳಿಗೆ ಮುಟ್ಟು ಯಾವಾಗ ಬರುತ್ತದೆ ಎಂದೇ ಗೊತ್ತಿಲ್ಲ. ಹಾಗಾಗಿ ಯಾವುದಕ್ಕೂ ಇರಲಿ ಎಂದು ಗಂಡ ಬಂದಿಳಿದ ದಿನದಿಂದಲೇ ನುಂಗುತ್ತಾಳೆ. ಆ ಮಾತ್ರೆ ಅಂಡ ಬಿಡುಗಡೆಯನ್ನೂ ತಡೆಯಬಹುದು. ವರ್ಷವಿಡೀ ಕಾದ ತಿಂಗಳಲ್ಲಿ, ಮಗು ಬೇಡುವ ಪೂಜೆಗಾಗಿ, ಮಗುವಿನ ದಾರಿಗೇ ಅಡ್ಡ ಕಟ್ಟಿದ ಹಾಗೆ. ಹರಕೆಯನ್ನು ಗಂಡ ಬರುವ ಮೊದಲೋ, ಹೋದ ಮೇಲೋ ಅತ್ತೆ ಮಾವ ಸೇರಿ ತೀರಿಸಲು ಬರುತ್ತದೆಯೇ ಎಂದು ಭಟ್ಟರನ್ನೇ ಕೇಳಿ. ದೇವರಿಗೆ ರಜೆಯ ಮಿತಿ ಇಲ್ಲ.

ಹಾಗಾದರೆ ದೂರ ಇರುವವರು ಏನು ಮಾಡಬೇಕು? ರಜೆಗೆ ಮೂರು ತಿಂಗಳ ಮೊದಲೇ ಕೆಲಸ ಶುರು ಮಾಡಿ. ಹುಡುಗಿಯ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಊರಿನಲ್ಲೇ ಆಗಲಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಅವತ್ತೇ ಶುರುವಾಗಲಿ. ಹುಡುಗನ ವೀರ್ಯ ಪರೀಕ್ಷೆ ಇಲ್ಲೇ, ರಜೆಗೆ ಮೊದಲು. ಹಿಂದಿನ ಸಾಲಿನ ಅಣ್ಣಂದಿರೇ, ಈಗ ಫೋನ್ ಕೆಳಗಿಡಿ. ಮಗುವಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಹೆಂಡತಿಗೆ ಪಿಸಿಒಎಸ್ ಇದೆ ಎಂದ ಮಾತ್ರಕ್ಕೆ ನಿಮಗೆ ಏನೂ ಇಲ್ಲ ಎಂದಲ್ಲ. ಅವಳಿಗೆ ಸೂಜಿ, ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ. ನಿಮಗೆ ಒಂದು ಸಣ್ಣ ಡಬ್ಬಿ. ನಾಚಿಕೆ ಯಾರಿಗೆ ಹೆಚ್ಚಾಗಬೇಕು ಹೇಳಿ.

ಆಮೇಲೆ ಊರಿನ ಡಾಕ್ಟರಿಗೆ ರಜೆಯ ತಾರೀಖು ಹೇಳಿ. ಗರ್ಭ ಇಲ್ಲವೆಂದು ನೋಡಿಕೊಂಡು, ಪ್ರೊಜೆಸ್ಟೆರಾನ್ ಮಾತ್ರೆ ಕೊಟ್ಟು ನಿಲ್ಲಿಸಿ, ಗಂಡ ಬಂದಿಳಿಯುವ ಹೊತ್ತಿಗೆ ಮುಟ್ಟಾಗುವಂತೆ ಅವರು ಹೊಂದಿಸಬಲ್ಲರು. ನಂತರ ಐದು ದಿನ ಲೆಟ್ರೋಝೋಲ್, ಹನ್ನೊಂದು ಹನ್ನೆರಡನೇ ದಿನದಿಂದ ಸ್ಕ್ಯಾನ್. ಅಂಡ ಬೆಳೆದರೆ ಅದು ಆ 30 ದಿನದೊಳಗೇ ಬೀಳುತ್ತದೆ. ಅಥವಾ ಹೆಂಡತಿಯನ್ನೇ 60 ದಿನದ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಕರೆಸಿ. ವಿಸಿಟ್ ವೀಸಾದವರಿಗೆ ಪರೀಕ್ಷೆ, ಸ್ಕ್ಯಾನ್ ಎಲ್ಲ ಕೈಯಿಂದಲೇ ಕಟ್ಟಬೇಕಾಗುತ್ತದೆ ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು, ಪರೀಕ್ಷೆಗಳನ್ನು ಊರಿನಲ್ಲಿ ಮುಗಿಸಿ ಬಂದರೆ ಹಣ ಉಳಿಯುತ್ತದೆ.

ಲೆಟ್ರೋಝೋಲ್ ಎಂದಾಗ ಒಂದು ಗಾಬರಿ ಇದೆ. ಗೂಗಲ್ ಮಾಡಿದರೆ ಸ್ತನ ಕ್ಯಾನ್ಸರಿನ ಮಾತ್ರೆ ಎಂದು ಬರುತ್ತದೆ. ಹೌದು, ಅದು ಮೂಲತಃ ಅದಕ್ಕೇ ಬಂದದ್ದು. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸುವುದನ್ನು ನಿಷೇಧಿಸಿದ್ದರು, 2017ರಲ್ಲಿ ನಿಷೇಧ ತೆಗೆದರು. ನಿಮ್ಮ ಅಕ್ಕನಿಗೆ ಯಾರೋ "ಅದು ಬ್ಯಾನ್ ಆಗಿದೆ" ಎಂದು ಹೇಳಿದ್ದರೆ ಆ ಕಾಲದ ಮಾತದು. 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇದ್ದ 750 ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಐದು ಸುತ್ತಿನವರೆಗೆ ಮಾತ್ರೆ ಕೊಟ್ಟಾಗ, ಹಳೆಯ ಕ್ಲೊಮಿಫೀನ್ ತೆಗೆದುಕೊಂಡವರಲ್ಲಿ ನೂರಕ್ಕೆ 19 ಮಂದಿಗೆ ಮಗುವಾಯಿತು, ಲೆಟ್ರೋಝೋಲ್ ತೆಗೆದುಕೊಂಡವರಲ್ಲಿ 27ಕ್ಕಿಂತ ಹೆಚ್ಚು ಮಂದಿಗೆ. ಈಗ ಮೊದಲ ಮಾತ್ರೆ ಅದೇ. ಐವಿಎಫ್ ಅಲ್ಲ. ಬೇರೆ ತೊಂದರೆ ಇಲ್ಲದ ಪಿಸಿಒಎಸ್ ಜೋಡಿಗೆ ಮೊದಲ ಭೇಟಿಯಲ್ಲೇ ಐವಿಎಫ್ ಪ್ಯಾಕೇಜಿನ ಬೆಲೆಪಟ್ಟಿ ಕೈಗಿಟ್ಟರೆ, ಅದು ಇಲ್ಲಿರಲಿ, ಬೆಂಗಳೂರಿನಲ್ಲಿರಲಿ, ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಿ.

ಐವಿಎಫ್ ಬೇಕಾಗುವವರೂ ಇದ್ದಾರೆ. ಅವರಿಗೆ ಗೊತ್ತಿರಬೇಕಾದ್ದು ಇಷ್ಟು. ಪಿಸಿಒಎಸ್ ಇರುವವರಿಗೆ ಇಂಜೆಕ್ಷನ್ ಕೊಟ್ಟಾಗ ಒಮ್ಮೆಗೇ ಬಹಳ ಅಂಡಗಳು ಬೆಳೆದು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಬೇರೆಯವರಿಗಿಂತ ಹೆಚ್ಚು. ಅದನ್ನು ತಪ್ಪಿಸುವ ಒಳ್ಳೆಯ ದಾರಿ, ಭ್ರೂಣವನ್ನು ತಣ್ಣಗೆ ಕಾಪಿಟ್ಟು ದೇಹ ಸುಧಾರಿಸಿದ ಮೇಲೆ ಒಳಗಿಡುವುದು. ಹಿಂದೆ ಈ ದೇಶದಲ್ಲಿ ಭ್ರೂಣ ಕಾಪಿಡಲು ಅವಕಾಶವಿರಲಿಲ್ಲ, 2019ರ ಫೆಡರಲ್ ಕಾನೂನು ಅವಕಾಶ ಕೊಟ್ಟಿತು. ಬೇರೆಯವರ ಅಂಡ, ವೀರ್ಯ ದಾನ ಪಡೆಯಲು ಆ ಕಾನೂನಿನಲ್ಲಿ ಅವಕಾಶವಿಲ್ಲ. ದೃಢೀಕರಿಸಿದ ಮದುವೆ ಪ್ರಮಾಣಪತ್ರ ಕೇಳುತ್ತಾರೆ, ಅದು ಊರಿನ ಕಪಾಟಿನಲ್ಲಿದ್ದರೆ ಈಗಲೇ ತರಿಸಿ. ವಿಮೆಯ ವಿಷಯ, ಕಡಿಮೆ ದರದ ಮೂಲ ಯೋಜನೆಗಳಲ್ಲಿ ಬಂಜೆತನದ ಚಿಕಿತ್ಸೆ ಸೇರಿಲ್ಲ. ಕಂಪನಿಯ ಎಚ್‌ಆರ್ ಬಳಿ ಸೌಲಭ್ಯಗಳ ಪಟ್ಟಿ ಕೇಳಿ ಓದಿ. ಓದದೇ ಪರೀಕ್ಷೆ ಮಾಡಿಸಿ, ಬಿಲ್ ತಿರಸ್ಕೃತವಾದ ಮೇಲೆ ರಿಸೆಪ್ಷನಿನ ಹುಡುಗಿಯ ಮೇಲೆ ರೇಗುವುದು ಬೇಡ.

ಮಗು ಈಗ ಬೇಡ ಅನ್ನುವವರು, ಮದುವೆಯಾಗದವರು ಮೊದಲ ಲೆಕ್ಕವನ್ನು ಬಿಡಬೇಡಿ. ಮುಟ್ಟು ಬಾರದಿದ್ದರೆ ಆರಾಮ, ಖರ್ಚು ಕಡಿಮೆ ಎಂದು ಆರು ತಿಂಗಳು ಸುಮ್ಮನಿರುವವರಿದ್ದಾರೆ. ಕೆಟ್ಟ ರಕ್ತ ಒಳಗೆ ಸೇರಿಕೊಳ್ಳುತ್ತದೆ ಎಂದು ಅಜ್ಜಿ ಹೇಳುವುದು ನಿಜವಲ್ಲ. ಆದರೆ ಅಂಡ ಬಿಡುಗಡೆಯಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ. ಆಮೇಲೆ ಒಮ್ಮೆಗೇ ವಿಪರೀತ ಸ್ರಾವ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಒಳಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಒಟ್ಟಾರೆ ಅದು ಅಪರೂಪವೇ, ತಡೆಯಲು ಸುಲಭವೂ ಹೌದು. 90 ದಿನ ದಾಟಬಾರದು. ದಾಟಿದರೆ ಡಾಕ್ಟರು ಪ್ರೊಜೆಸ್ಟೆರಾನ್ ಕೊಟ್ಟು ಪದರ ಹೋಗುವಂತೆ ಮಾಡುತ್ತಾರೆ, ಇಲ್ಲವೇ ಗರ್ಭನಿರೋಧಕ ಮಾತ್ರೆ ಕೊಡುತ್ತಾರೆ. "ಮದುವೆಯಾಗದ ಹುಡುಗಿಗೆ ಆ ಮಾತ್ರೆಯಾ?" ಎಂದು ಅಮ್ಮಂದಿರು ಹೌಹಾರುತ್ತಾರೆ. ಮುಂದೆ ಮಗುವಾಗುವುದಕ್ಕೆ ಅದರಿಂದ ತೊಂದರೆಯಿಲ್ಲ. ಹಾಗೆಯೇ, ಮಾತ್ರೆಯಿಂದ ಸರಿಯಾಗಿ ಬರುವ ಮುಟ್ಟು ಕಾಯಿಲೆ ವಾಸಿಯಾದ ಗುರುತೂ ಅಲ್ಲ. ರಕ್ತದೊತ್ತಡ, ತಲೆನೋವಿನ ವಿವರ ಡಾಕ್ಟರಿಗೆ ಹೇಳಿಯೇ ಶುರು ಮಾಡಬೇಕು, ಅಂಗಡಿಯಿಂದ ನೇರ ತರುವಂಥದ್ದಲ್ಲ.

ಫೋನಿನ ಆ್ಯಪ್‌ನಲ್ಲಿ ಮುಟ್ಟಾದ ದಿನ ಬರೆದಿಡಿ, ಒಳ್ಳೆಯದು. ಆದರೆ ಹದಿನಾಲ್ಕನೇ ದಿನಕ್ಕೆ ಹೂವಿನ ಚಿತ್ರ ಹಾಕಿ "ಇಂದು ಫಲವತ್ತು" ಎಂದರೆ ನಂಬಬೇಡಿ, ಅದು 28 ದಿನದವರ ಲೆಕ್ಕ. ಮೂತ್ರದಲ್ಲಿ ನೋಡುವ ಅಂಡೋತ್ಪತ್ತಿ ಪಟ್ಟಿಯೂ ಪಿಸಿಒಎಸ್‌ನಲ್ಲಿ ಮೋಸ ಮಾಡುತ್ತದೆ. ಅದು ಹುಡುಕುವ ಎಲ್‌ಎಚ್ ಹಾರ್ಮೋನು ನಿಮ್ಮಲ್ಲಿ ಸದಾ ಹೆಚ್ಚಿರಬಹುದು, ಅಂಡ ಇಲ್ಲದೆಯೂ ಎರಡು ಗೆರೆ ಬರುತ್ತದೆ.

ತೂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ನಿಮಗೆ ಅದನ್ನೇ ಹೇಳುತ್ತಾರೆ. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ. ತೂಕ ಹೆಚ್ಚಿದ್ದವರು 80 ಕಿಲೋದಿಂದ 76ಕ್ಕೆ ಇಳಿದರೂ ಕೆಲವರಿಗೆ ಮುಟ್ಟು ತಾನೇ ಮರಳುತ್ತದೆ, ನಟಿಯ ಹಾಗಾಗಬೇಕಿಲ್ಲ. ಕುಚ್ಚಲಕ್ಕಿ ಗಂಜಿ, ಮೀನು, ಹೆಸರುಕಾಳು, ಸೊಪ್ಪು ನಮ್ಮ ಅಡುಗೆಮನೆಯಲ್ಲೇ ಇದೆ. ತೆಗೆಯಬೇಕಾದ್ದು ದಿನಕ್ಕೆ ನಾಲ್ಕು ಕರಕ್ ಚಾಯ್, ಒಂದೊಂದರಲ್ಲೂ ಇರುವ ಸಕ್ಕರೆ. ಜುಲೈ, ಆಗಸ್ಟಿನಲ್ಲಿ ಹೊರಗೆ ನಡೆಯಲಾಗದು, ಒಪ್ಪುತ್ತೇನೆ. ಮಾಲಿನೊಳಗೆ ಅಂಗಡಿ ತೆರೆಯುವ ಮೊದಲು ನಡೆಯಿರಿ. ನವೆಂಬರಿನ ದುಬೈ ಫಿಟ್‌ನೆಸ್ ಚಾಲೆಂಜಿನಲ್ಲಿ 30 ದಿನ, ದಿನಕ್ಕೆ 30 ನಿಮಿಷ ಓಡಾಡುತ್ತೀರಿ, ಫೋಟೋ ಹಾಕುತ್ತೀರಿ. ಮೂವತ್ತೊಂದನೇ ದಿನ ಏನಾಗುತ್ತದೋ ನನಗೆ ಗೊತ್ತಾಗಿಲ್ಲ.

ತೂಕ ಇಳಿಸುವ ಇಂಜೆಕ್ಷನ್‌ಗಳು ಈಗ ಇಲ್ಲಿ ಮನೆಮಾತು. ಕೆಲವರಿಗೆ ಅದು ಸರಿಯಾದ ಔಷಧಿಯೇ. ಆದರೆ ಅದು ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು, ತೂಕ ಇಳಿದಾಗ ಅಂಡ ಬಿಡುಗಡೆ ಶುರುವಾಗಿ ಗರ್ಭ ನಿಲ್ಲುವುದೂ ಸುಲಭ. ಮಗುವಿಗೆ ಪ್ರಯತ್ನಿಸುವ ಮೊದಲು ಸೆಮಾಗ್ಲುಟೈಡ್ ಆದರೆ ಕನಿಷ್ಠ ಎರಡು ತಿಂಗಳು, ತಿರ್ಜೆಪಟೈಡ್ ಆದರೆ ಒಂದು ತಿಂಗಳು ಮುಂಚೆ ನಿಲ್ಲಿಸಬೇಕು. ಮೆಟ್‌ಫಾರ್ಮಿನ್ ಹಳೆಯದು, ಅಗ್ಗ, ಇನ್ಸುಲಿನ್ ತೊಂದರೆ ಇದ್ದವರಿಗೆ ಉಪಯುಕ್ತ. ಹೊಟ್ಟೆ ಕೆಡುತ್ತದೆ ಎಂದು ಬಿಟ್ಟುಬಿಡುವ ಬದಲು ಸಣ್ಣ ಪ್ರಮಾಣದಿಂದ ಶುರು ಮಾಡಿ. ಸಸ್ಯಾಹಾರಿಗಳು ಬಿ12 ನೋಡಿಸಿಕೊಳ್ಳಿ.

ಗರ್ಭ ನಿಂತ ಮೇಲೆ ಪಿಸಿಒಎಸ್ ಫೈಲನ್ನು ಅಟ್ಟಕ್ಕೆ ಹಾಕಬೇಡಿ. ಗರ್ಭಿಣಿಯ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವರಲ್ಲಿ ಹೆಚ್ಚು, ಅದರಲ್ಲೂ ನಮ್ಮ ದಕ್ಷಿಣ ಏಷ್ಯಾದವರಲ್ಲಿ. ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ಎರಡು ದೇಶದಲ್ಲಿ ನಾಲ್ಕು ಆಸ್ಪತ್ರೆಯ ಚೀಟಿಗಳಿದ್ದರೆ ಎಲ್ಲದರ ಫೋಟೋ ತೆಗೆದು ಒಂದೇ ಕಡೆ ಇಡಿ.

ಕೊನೆಗೆ ಅಲ್ ನಹ್ದಾದ, ಕರಾಮದ, ಮುಸಫ್ಫಾದ ಆ ಒಂದು ಕೋಣೆಯ ಮನೆಗಳಲ್ಲಿ ಹಗಲೆಲ್ಲ ಒಬ್ಬಳೇ ಇರುವ ಹುಡುಗಿಯ ಬಗ್ಗೆ. ಗಂಡ ಹನ್ನೆರಡು ಗಂಟೆ ಕೆಲಸದಲ್ಲಿ, ಇವಳಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ, ಗಲ್ಲದ ಕೂದಲು ಕಾರಣ ವಿಡಿಯೊ ಕಾಲಿಗೂ ಬರುವುದಿಲ್ಲ. ಖಿನ್ನತೆ, ಆತಂಕ ಪಿಸಿಒಎಸ್ ಇರುವವರಲ್ಲಿ ಹೆಚ್ಚು, ಅದನ್ನೂ ಕೇಳಿ ನೋಡಬೇಕು ಎಂದು ಮಾರ್ಗಸೂಚಿಯೇ ಹೇಳುತ್ತದೆ. ಅವಳಿಗೆ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿ. ಹಿರಿಯರೇ, ಫೋನಿನಲ್ಲಿ "ವಿಶೇಷ ಉಂಟಾ" ಬದಲು "ಊಟ ಆಯ್ತಾ" ಸಾಕು. ವಿಶೇಷ ಇದ್ದರೆ ಅವರೇ ಹೇಳುತ್ತಾರೆ, ಬೆಳಗಿನ ಜಾವ ಮೂರು ಗಂಟೆಗಾದರೂ ಎಬ್ಬಿಸಿ ಹೇಳುತ್ತಾರೆ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ. ಸ್ವಯಂಸೇವಕರು ಎರಡು ಡಬ್ಬಿ ತರುತ್ತಾರೆ, ಒಂದು ಗಂಡಸರ ಸಾಲಿಗೆ.